ಚಳಿಗೆ ಗುಂಡು ಓಡುವುದಿಲ್ಲವೆ? ಗುರಿ ತಪ್ಪಿದರೆ ದೂರು ಗಾಳಿಯ ಮೇಲೆ!

ಧನುರ್ಮಾಸ ಬಂತೆಂದರೆ ಮೂಡಿಗೆರೆ, ಕಳಸ, ಚಿಕ್ಕಮಗಳೂರು ಕಡೆಯ ಟೀ ಅಂಗಡಿಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ. ಬೆಳಗಿನ ಮೊದಲ ಬಸ್ಸಿಗೆ ಕಾಯುತ್ತ, ಮಫ್ಲರ್ ಸುತ್ತಿಕೊಂಡು, ಗಾಜಿನ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದು ನಿಂತವರ ಬಾಯಲ್ಲಿ ಬರುವ ಮಾತು ಅದು. ರಾತ್ರಿ ಹಂದಿ ಹಿಂಡು ಗದ್ದೆಗೆ ಬಂದಿತ್ತು, ಕೋವಿ ಸಿಡಿಯಿತು, ಹಂದಿ ಹಂದಿಯ ದಾರಿ ಹಿಡಿಯಿತು. ಯಾಕೆ ತಪ್ಪಿತು ಎಂದರೆ ಉತ್ತರ ರೆಡಿ:

"ಚಳಿಗೆ ಗುಂಡು ಓಡಲ್ಲ ಮಾರಾಯ್ರೆ. ಕೆಳಗೆ ಬಿದ್ದೋಗುತ್ತೆ!"

ಕೇಳಿದವರು ಹೌದೆಂದು ತಲೆಯಾಡಿಸುತ್ತಾರೆ. ಕೋವಿ ಹಿಡಿದವನ ಮಾನ ಉಳಿಯುತ್ತದೆ. ಬಸ್ಸು ಬರುತ್ತದೆ, ಮಾತು ಮುಗಿಯುತ್ತದೆ.

ಈ ಮಾತು ಪೂರ್ತಿ ಸುಳ್ಳೇನಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಇದರಲ್ಲಿ ಎಷ್ಟು ಕಾಳು, ಎಷ್ಟು ಹೊಟ್ಟು ಎಂದು ಕೇರಿ ನೋಡುವುದು ಒಳ್ಳೆಯದು. ಯಾಕೆಂದರೆ ಚಳಿಯ ಕಾಲವೇ ಕಾಫಿ ಕೊಯ್ಲಿನ ಕಾಲ. ತೋಟದಲ್ಲಿ ಹಂದಿ ಮಾತ್ರ ಇರುವುದಿಲ್ಲ, ಮನುಷ್ಯರೂ ಇರುತ್ತಾರೆ.

ನಿಜ ಎಷ್ಟು?

ಮೊದಲು ನಿಜದ ಪಾಲು. ತಣ್ಣಗಿನ ಗಾಳಿ ಬಿಸಿ ಗಾಳಿಗಿಂತ ದಟ್ಟ. ಸಮುದ್ರ ಮಟ್ಟದಲ್ಲಿ 30 ಡಿಗ್ರಿ ಸೆಲ್ಸಿಯಸ್ ಬಿಸಿಯಿರುವಾಗ ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು 1,165 ಗ್ರಾಂ. ಅದೇ ಗಾಳಿ 10 ಡಿಗ್ರಿಗೆ ಇಳಿದರೆ ಸುಮಾರು 1,247 ಗ್ರಾಂ. ಎಂದರೆ ಶೇಕಡಾ ಏಳು ಹೆಚ್ಚು. ಗುಂಡು ಈ ಗಾಳಿಯನ್ನು ಸೀಳಿಕೊಂಡು ಹೋಗಬೇಕು. ಗಾಳಿ ದಟ್ಟವಾದಷ್ಟೂ ತಡೆ ಹೆಚ್ಚು, ವೇಗ ಕಮ್ಮಿ. ವೇಗ ಕಮ್ಮಿಯಾದರೆ ಗುರಿ ಮುಟ್ಟಲು ಹೊತ್ತು ಹಿಡಿಯುತ್ತದೆ. ಹೊತ್ತು ಹಿಡಿದಷ್ಟೂ ಭೂಮಿ ಅದನ್ನು ಕೆಳಕ್ಕೆ ಎಳೆಯುತ್ತದೆ. ಮೊಣಕಾಲುದ್ದ ನೀರಿನಲ್ಲಿ ಓಡುವವನಿಗೂ ಗದ್ದೆ ಬದುವಿನ ಮೇಲೆ ಓಡುವವನಿಗೂ ಇರುವ ವ್ಯತ್ಯಾಸವೇ ಇದು.

ಎರಡನೆಯದು ಮದ್ದು. ಚಳಿಯಲ್ಲಿ ನೆನೆದ ತೋಟಾದೊಳಗಿನ ಮದ್ದು ಸ್ವಲ್ಪ ನಿಧಾನಕ್ಕೆ ಉರಿಯುತ್ತದೆ. ಒತ್ತಡ ಕಮ್ಮಿ, ಗುಂಡು ನಳಿಗೆ ಬಿಡುವ ವೇಗವೂ ಕಮ್ಮಿ. ಗುರಿಗಾರರು ಇಟ್ಟುಕೊಂಡಿರುವ ಮೋಟು ಲೆಕ್ಕ ಹೀಗೆ: ಒಂದು ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ ಸೆಕೆಂಡಿಗೆ ಸುಮಾರು ಒಂದು ಅಡಿ ವೇಗ ಇಳಿಯಿತು. ಮದ್ದಿನ ಜಾತಿ ನೋಡಿಕೊಂಡು ಇದು ಹೆಚ್ಚು ಕಮ್ಮಿ ಆಗುತ್ತದೆ. ಈಚಿನ ಕೆಲವು ಮದ್ದುಗಳು ಚಳಿಗೆ ಅಷ್ಟಾಗಿ ಜಗ್ಗುವುದಿಲ್ಲ.

ಮೂರನೆಯದು ಶಬ್ದದ ವೇಗ. 28 ಡಿಗ್ರಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 348 ಮೀಟರ್ ಓಡಿದರೆ, 12 ಡಿಗ್ರಿಯಲ್ಲಿ 339 ಮೀಟರ್ ಅಷ್ಟೇ. ಗುಂಡಿನ ವೇಗ ಶಬ್ದದ ವೇಗಕ್ಕೆ ಹತ್ತಿರವಾದಾಗ ಗಾಳಿಯ ತಡೆ ಜಾಸ್ತಿ. ಸ್ಪರ್ಧೆಗೆ ಬಳಸುವ ಪಾಯಿಂಟ್ ಟೂಟೂ ತೋಟಾಗಳ ವೇಗ ಸೆಕೆಂಡಿಗೆ 330 ಮೀಟರ್ ಆಸುಪಾಸು. ಚಳಿಯಲ್ಲಿ ಶಬ್ದವೇ ಕೆಳಗಿಳಿದು ಅದರ ಪಕ್ಕಕ್ಕೆ ಬರುತ್ತದೆ!

ಸಾವಿರ ಗಜ, ನಲವತ್ತು ಗಜ

ಹಾಗಾದರೆ ಟೀ ಅಂಗಡಿಯ ಮಾತು ನಿಜವೇ ಆಯಿತಲ್ಲ? ತಡೆಯಿರಿ. ದೂರ ಎಷ್ಟು ಎಂಬುದೇ ಇಲ್ಲಿ ಮುಖ್ಯ.

ದೂರದ ಗುರಿಯ ರೈಫಲ್ ಹಿಡಿದವರಿಗೆ ಇದು ದೊಡ್ಡ ಸಂಗತಿ. 20 ಡಿಗ್ರಿ ಫ್ಯಾರನ್‌ಹೀಟ್, ಎಂದರೆ 11 ಡಿಗ್ರಿ ಸೆಲ್ಸಿಯಸ್ ಚಳಿ ಹೆಚ್ಚಾದರೆ ಸಾವಿರ ಗಜದ ಗುರಿಯಲ್ಲಿ ಗುಂಡು ಹತ್ತು ಅಂಗುಲವಾದರೂ ಕೆಳಗೆ ಬೀಳುತ್ತದೆ ಎಂಬುದು ಹಳೆಯ ಲೆಕ್ಕ. ಮಲೆನಾಡಿನಲ್ಲಿ ಪುಷ್ಯದ ಮಧ್ಯಾಹ್ನ 28 ಡಿಗ್ರಿ ಇದ್ದದ್ದು ಬೆಳಗಿನ ಜಾವಕ್ಕೆ 12ಕ್ಕೆ ಇಳಿಯಿತೆನ್ನಿ. 16 ಡಿಗ್ರಿ ಫರಕು. ಮಧ್ಯಾಹ್ನ ಗುರಿ ಕೂಡಿಸಿಕೊಂಡ ರೈಫಲ್ ಬೆಳಗಿನ ಜಾವ ಸಾವಿರ ಗಜದಲ್ಲಿ ಒಂದೂಕಾಲು ಅಡಿ ಕೆಳಗೆ ಹೊಡೆದರೆ ಆಶ್ಚರ್ಯವಿಲ್ಲ.

ಆದರೆ ಕಾಫಿ ತೋಟದಲ್ಲಿ ಸಾವಿರ ಗಜ ಎಲ್ಲಿದೆ? ಸಿಲ್ವರ್ ಓಕ್, ಹಲಸು, ಅತ್ತಿ, ಮೆಣಸಿನ ಬಳ್ಳಿ, ಎದೆಯೆತ್ತರದ ಗಿಡ. ನೂರು ಗಜ ಕಣ್ಣಿಗೆ ಸಿಕ್ಕರೆ ಪುಣ್ಯ. ರಾತ್ರಿ ಟಾರ್ಚಿನ ಬೆಳಕಿಗೆ ಸಿಕ್ಕುವುದು ಮೂವತ್ತು, ನಲವತ್ತು ಗಜ. ಹೆಚ್ಚಿನವರ ಮನೆಯಲ್ಲಿರುವುದು ರೈಫಲ್ ಕೂಡ ಅಲ್ಲ. ಒಂಟಿ ನಳಿಗೆ, ಜೋಡಿ ನಳಿಗೆ ಕೋವಿ, ಇಲ್ಲವೇ ಅಜ್ಜನ ಕಾಲದ ಕೇಪಿನ ಕೋವಿ. ಚರೆ ಕೋವಿಯ ಪೌರುಷ ನಲವತ್ತು, ಐವತ್ತು ಗಜಕ್ಕೆ ಮುಗಿಯಿತು.

ಈಗ ಲೆಕ್ಕ ಹಾಕಿ. ಪಾಯಿಂಟ್ ಟೂಟೂ ಗುಂಡು ನಲವತ್ತು ಗಜ ಹೋಗುವಷ್ಟರಲ್ಲಿ ಒಟ್ಟು ಬೀಳುವುದೇ ಆರೂವರೆ ಸೆಂಟಿಮೀಟರ್. 16 ಡಿಗ್ರಿ ಚಳಿ ಹೆಚ್ಚಾದರೆ ಇದರ ಮೇಲೆ ಬೀಳುವುದು ಬಹಳವೆಂದರೆ ಐದು ಮಿಲಿಮೀಟರ್. ಒಂದು ಕಾಫಿ ಬೀಜದ ಅಗಲಕ್ಕಿಂತ ಕಮ್ಮಿ!

ಕಾಫಿ ಬೀಜದಗಲದ ಫರಕಿಗೆ ಇಡೀ ಹಂದಿ ತಪ್ಪುವುದುಂಟೆ?

ಚಾರ್ಮಾಡಿ ಹತ್ತಿದರೆ ಗಾಳಿ ತೆಳು

ಇನ್ನೊಂದು ತಮಾಷೆ ಇದೆ. ಚಳಿ ಗಾಳಿಯನ್ನು ದಟ್ಟ ಮಾಡಿದರೆ, ಎತ್ತರ ಗಾಳಿಯನ್ನು ತೆಳು ಮಾಡುತ್ತದೆ. ಮಂಗಳೂರಿನಿಂದ ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರಕ್ಕೆ ಬರುವ ಬಸ್ಸಿನಲ್ಲಿ ಕಿವಿ 'ಟಪ್' ಎನ್ನುವುದು ಎಲ್ಲರಿಗೂ ಗೊತ್ತು. ಗಾಳಿಯ ಒತ್ತಡ ಇಳಿದದ್ದೇ ಅದಕ್ಕೆ ಕಾರಣ. ಸಾವಿರ ಮೀಟರ್ ಎತ್ತರದಲ್ಲಿ ಒತ್ತಡ ಸಮುದ್ರ ಮಟ್ಟಕ್ಕಿಂತ ಶೇಕಡಾ 11ರಷ್ಟು ಕಮ್ಮಿ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಯಲ್ಲಿ ಶೇಕಡಾ 20ರಷ್ಟು ಕಮ್ಮಿ.

ಇದರ ಫಲ ಏನು? ಮಂಗಳೂರಿನ ಸುಡುಬಿಸಿಲಿನ ಮಧ್ಯಾಹ್ನದಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 1,150 ಗ್ರಾಂ ತೂಗುತ್ತದೆ. ಚಿಕ್ಕಮಗಳೂರಿನ 12 ಡಿಗ್ರಿಯ ಕೊರೆಯುವ ಬೆಳಗಿನಲ್ಲಿ ಅದೇ ಅಳತೆಯ ಗಾಳಿ ಸುಮಾರು 1,100 ಗ್ರಾಂ! ಎಂದರೆ ಮಲೆನಾಡಿನ ಚಳಿಗಾಳಿ ಕರಾವಳಿಯ ಬಿಸಿಗಾಳಿಗಿಂತಲೂ ಹಗುರ. ಗಾಳಿಯ ಮೇಲೆ ದೂರು ಹೇಳುವವರು ಬೆಳ್ತಂಗಡಿಯಲ್ಲಿ ಹೇಳಬೇಕು, ಬಾಳೂರಿನಲ್ಲಲ್ಲ.

ಮಂಜಿನ ಮೇಲೂ ಇಂಥದೇ ಆಪಾದನೆ. "ಮಂಜಿಗೆ ಗುಂಡು ಒದ್ದೆಯಾಗಿ ಭಾರ ಆಗುತ್ತೆ" ಎನ್ನುವವರಿದ್ದಾರೆ. ಎದುರಿಗಿನ ಮನುಷ್ಯ ಕಾಣದಂಥ ಮಂಜಿನಲ್ಲೂ ಒಂದು ಘನ ಮೀಟರ್ ಗಾಳಿಯಲ್ಲಿ ತೇಲುವ ನೀರು ಸಾಮಾನ್ಯವಾಗಿ ಒಂದು ಗ್ರಾಂ ಸಹ ಇರುವುದಿಲ್ಲ. ನೀರಿನ ಆವಿಯಂತೂ ಒಣ ಗಾಳಿಗಿಂತ ಹಗುರ. ತೇವದ ಗಾಳಿ ಗುಂಡಿಗೆ ಕೂದಲೆಳೆಯಷ್ಟು ಸಲೀಸೇ ಹೊರತು ಕಷ್ಟವಲ್ಲ. ಮಂಜು ಗುಂಡನ್ನು ತಡೆಯುವುದಿಲ್ಲ, ಕಣ್ಣನ್ನು ತಡೆಯುತ್ತದೆ. ಅಪಾಯ ಇರುವುದೇ ಅಲ್ಲಿ.

ಬರೆ ಮೇಲಿನ ಗುರಿ

ಮಲೆನಾಡಿನ ಗುರಿಗೆ ಮೂರನೆಯ ಪೆಟ್ಟು ಇಳಿಜಾರಿನದು. ಬರೆಯ ಮೇಲಕ್ಕೆ ಹೊಡೆದರೂ, ಕೆಳಗಿನ ಗದ್ದೆಗೆ ಹೊಡೆದರೂ ಗುಂಡು ಎಣಿಸಿದ್ದಕ್ಕಿಂತ ಮೇಲೆ ಹೋಗುತ್ತದೆ. ಭೂಮಿಯ ಎಳೆತಕ್ಕೆ ಲೆಕ್ಕ ಅಡ್ಡ ದೂರದ್ದು, ಇಳಿಜಾರಿನ ದೂರದ್ದಲ್ಲ. 30 ಡಿಗ್ರಿ ಬರೆಯಲ್ಲಿ 200 ಗಜ ಎಂದರೆ ಗುಂಡಿನ ಬೀಳುವಿಕೆಯ ಲೆಕ್ಕಕ್ಕೆ 173 ಗಜ ಅಷ್ಟೇ.

ಚಳಿ ಕೆಳಕ್ಕೆ ಎಳೆಯುತ್ತದೆ, ಎತ್ತರ ಮೇಲಕ್ಕೆ ಎತ್ತುತ್ತದೆ, ಇಳಿಜಾರೂ ಮೇಲಕ್ಕೆ ಎತ್ತುತ್ತದೆ. ಮೂರನ್ನೂ ಕೂಡಿ ಕಳೆದರೆ ತೋಟದ ಕೋವಿಗೆ ಉಳಿಯುವುದು ಸೊನ್ನೆಯ ಹತ್ತಿರ. ಇದು ಗೊತ್ತಿಲ್ಲದೆ "ಚಳಿ ಇದೆ, ಒಂದು ಗೇಣು ಮೇಲಕ್ಕೆ ಹಿಡಿ" ಎಂದು ಹೇಳಿಕೊಟ್ಟರೆ? ಹಂದಿಯ ಬೆನ್ನ ಮೇಲಿಂದ ಗುಂಡು ಹಾರುತ್ತದೆ. ಹಾರಿದ ಗುಂಡು ಎಲ್ಲಿಗೆ ಹೋಯಿತು ಎಂದು ಕೇಳುವವರು ಯಾರು?

ಕಾರ್ಗಿಲ್ ಕಲಿಸಿದ ಪಾಠ

ಚಳಿ ನಿಜವಾಗಿ ಕಾಡುವುದು ಎಲ್ಲಿ ಎಂದರೆ ಹಿಮದ ನಾಡಿನಲ್ಲಿ. 1984ರಿಂದ ಭಾರತದ ಸೇನೆ ಕಾವಲಿರುವ ಸಿಯಾಚಿನ್‌ನಲ್ಲಿ ಚಳಿ ಸೊನ್ನೆಗಿಂತ 50 ಡಿಗ್ರಿ ಕೆಳಗಿಳಿಯುವುದುಂಟು. ಅಲ್ಲಿ ಕೋವಿಗೆ ಹಾಕಿದ ಎಣ್ಣೆಯೇ ಗಟ್ಟಿಯಾಗಿ ಯಂತ್ರ ಕಚ್ಚಿಕೊಳ್ಳುತ್ತದೆ. ಬರಿಗೈಯಲ್ಲಿ ಕಬ್ಬಿಣ ಮುಟ್ಟಿದರೆ ಚರ್ಮ ಅಂಟುತ್ತದೆ.

1999ರ ಕಾರ್ಗಿಲ್ ಯುದ್ಧದಲ್ಲಿ ಎತ್ತರದ ಮಹಿಮೆ ಎಲ್ಲರ ಕಣ್ಣಿಗೆ ಬಿತ್ತು. ಬಯಲಿನಲ್ಲಿ ಸುಮಾರು 24 ಕಿಲೋಮೀಟರ್ ಹೊಡೆಯುವ ಬೊಫೋರ್ಸ್ ತೋಪು ದ್ರಾಸ್ ಕಡೆಯ ತೆಳು ಗಾಳಿಯಲ್ಲಿ 30 ಕಿಲೋಮೀಟರ್ ದಾಟಿಸಿತು. ತೋಪೂ ಅದೇ, ಮದ್ದೂ ಅದೇ. ಬದಲಾದದ್ದು ಗಾಳಿ ಮಾತ್ರ. ಚಳಿಯ ದೇಶದಲ್ಲೂ ಗೆದ್ದದ್ದು ಎತ್ತರವೇ!

ಚಳಿಯಲ್ಲಿ ಗುರಿ ತಪ್ಪದವರೂ ಇದ್ದರು. 1939ರ ನವೆಂಬರಿನಿಂದ 1940ರ ಮಾರ್ಚಿನವರೆಗೆ ನಡೆದ ಫಿನ್ಲೆಂಡ್-ರಷ್ಯಾ ಯುದ್ಧದಲ್ಲಿ ಸಿಮೊ ಹಾಯ್ಹಾ ಎಂಬ ಫಿನ್ಲೆಂಡಿನ ರೈತ 500ಕ್ಕೂ ಹೆಚ್ಚು ಶತ್ರು ಸೈನಿಕರನ್ನು ಉರುಳಿಸಿದನೆಂದು ಲೆಕ್ಕ. ಆತ ದುರ್ಬೀನು ಕೂಡ ಬಳಸಲಿಲ್ಲ. ಚಳಿಗೆ ಗಾಜು ಮಬ್ಬಾಗುತ್ತದೆ, ತಲೆ ಎತ್ತಬೇಕಾಗುತ್ತದೆ ಎಂದು ಬರಿ ಕಬ್ಬಿಣದ ಗುರಿಕಣ್ಣನ್ನೇ ನಂಬಿದ. ಉಸಿರಿನ ಹಬೆ ಶತ್ರುವಿಗೆ ಕಾಣದಿರಲಿ ಎಂದು ಬಾಯಲ್ಲಿ ಹಿಮ ಇಟ್ಟುಕೊಳ್ಳುತ್ತಿದ್ದ. ಅವನು ಚಳಿಯನ್ನು ದೂರಲಿಲ್ಲ, ಚಳಿಯ ಗುಣ ಅರಿತುಕೊಂಡ.

ಕಳ್ಳ ಯಾರು?

ಮಲೆನಾಡಿನ ಕೋವಿ ತಪ್ಪಲು ಗಾಳಿ ಕಾರಣವಲ್ಲವಾದರೆ ಮತ್ತೆ ಯಾರು?

ಮೊದಲ ಕಳ್ಳ ಕೈ. ಸೆಡೆತ ಬೆರಳಿಗೆ ಕುದುರೆಯ ಮೇಲಿನ ಅಂದಾಜು ತಪ್ಪುತ್ತದೆ. ಮೆಲ್ಲಗೆ ಒತ್ತುವ ಬದಲು ಎಳೆದುಬಿಡುತ್ತದೆ. ಮೈ ನಡುಗಿದರೆ ನಳಿಗೆಯ ತುದಿ ನಡುಗುತ್ತದೆ. ಎರಡು ಸ್ವೆಟರ್, ಮೇಲೊಂದು ಕಂಬಳಿ ಕೊಪ್ಪೆ ಹಾಕಿದರೆ ಹಿಡಿಕೆ ಭುಜಕ್ಕೆ ಸರಿಯಾಗಿ ಕೂರುವುದಿಲ್ಲ. ನಲವತ್ತು ಗಜದಲ್ಲಿ ಚಳಿಗಾಳಿ ಮಾಡುವ ತಪ್ಪು ಐದು ಮಿಲಿಮೀಟರ್. ನಡುಗುವ ಕೈ ಮಾಡುವ ತಪ್ಪು ಒಂದು ಮೊಳ.

ಎರಡನೆಯ ಕಳ್ಳ ತೇವ. ಚಳಿಯಲ್ಲಿ ನೆನೆದ ಕೋವಿಯನ್ನು ತಂದು ಬಚ್ಚಲ ಒಲೆ ಬಳಿಯೋ ಅಡಿಗೆ ಮನೆಯಲ್ಲೋ ಒರಗಿಸುತ್ತಾರೆ. ಒಳಗಿನ ಬೆಚ್ಚನೆಯ ಹಬೆ ತಣ್ಣನೆಯ ಕಬ್ಬಿಣಕ್ಕೆ ತಾಗಿ ಹನಿಯಾಗುತ್ತದೆ. ನಳಿಗೆಯ ಒಳಗೂ ಹನಿ, ಯಂತ್ರದ ಒಳಗೂ ಹನಿ. ನಾಲ್ಕು ದಿನಕ್ಕೆ ತುಕ್ಕು. ಬಲ್ಲವರು ಮಾಡುವುದೇನೆಂದರೆ, ಕೋವಿಯನ್ನು ಬೆಂಕಿಯಿಂದ ದೂರವಿಟ್ಟು, ಹನಿ ಒಡೆದ ಮೇಲೆ ಒಣಬಟ್ಟೆಯಲ್ಲಿ ಒರೆಸಿ, ತೆಳ್ಳಗೆ ಎಣ್ಣೆ ಸವರುವುದು. ತೆಳ್ಳಗೆ ಎಂದರೆ ತೆಳ್ಳಗೆ. ದಪ್ಪ ಎಣ್ಣೆ ಚಳಿಗೆ ಗಂಜಿಯಾಗುತ್ತದೆ, ಸೂಜಿ ಮೆತ್ತಗೆ ಬಡಿಯುತ್ತದೆ, ಈಡು ಹಾರುವುದಿಲ್ಲ.

ಮೂರನೆಯದು ಹಳೆಯ ಮದ್ದು. ಕೇಪಿನ ಕೋವಿಯ ಕರಿಮದ್ದಿಗೆ ತೇವ ಶತ್ರು. ಮಳೆಗಾಲ ಕಳೆದ ಮದ್ದು ಚಳಿಗಾಲದಲ್ಲಿ ಅರೆಜೀವ. ಕುದುರೆ ಎಳೆದರೆ 'ಟಿಕ್' ಎಂದು ಸುಮ್ಮನಾಗುತ್ತದೆ. ಇಲ್ಲೇ ಜೀವಕ್ಕೆ ಕುತ್ತು. ಹಾರಲಿಲ್ಲ ಎಂದು ತಕ್ಷಣ ಕೋವಿ ತಿರುಗಿಸಿ ನೋಡಬಾರದು. ಒಳಗೆ ಕಿಡಿ ಕುಳಿತಿರಬಹುದು. ಒಂದೆರಡು ಗಳಿಗೆ ಕಳೆದು ಸಿಡಿದದ್ದುಂಟು. ನಳಿಗೆಯನ್ನು ಯಾರೂ ಇಲ್ಲದ ಕಡೆ ಮಾಡಿ ಹಿಡಿದು, ಒಂದು ನಿಮಿಷವಾದರೂ ಹಾಗೇ ನಿಲ್ಲಬೇಕು.

ಗುಂಡು ಎಲ್ಲಿ ನಿಲ್ಲುತ್ತದೆ?

ಗುಂಡು ಕೆಳಗೆ ಬೀಳುತ್ತದೆಯೋ ಇಲ್ಲವೋ ಎಂಬುದಕ್ಕಿಂತ ದೊಡ್ಡ ಪ್ರಶ್ನೆ ಅದು ಎಲ್ಲಿ ನಿಲ್ಲುತ್ತದೆ ಎಂಬುದು.

ಗುಬ್ಬಿ ಹೊಡೆಯುವ ಕೋವಿ ಎಂದು ಹಗುರ ಮಾಡುವ ಪಾಯಿಂಟ್ ಟೂಟೂ ಗುಂಡು ಮೇಲ್ಮುಖವಾಗಿ ಹಾರಿದರೆ ಒಂದು ಮೈಲಿಗೂ ಹೆಚ್ಚು ಹೋಗುತ್ತದೆ. ದೊಡ್ಡ ರೈಫಲಿನ ಗುಂಡು ಎರಡು ಮೈಲಿ ದಾಟುತ್ತದೆ. ದಪ್ಪ ಚರೆ ಕೂಡ ನೂರಾರು ಗಜ ಹೋಗುತ್ತದೆ. ಮಲೆನಾಡಿನಲ್ಲಿ ಎರಡು ಮೈಲಿಯೊಳಗೆ ಏನೇನಿದೆ ಎಣಿಸಿ ನೋಡಿ. ಒಂದು ಲೈನ್ ಮನೆ, ಒಂದು ಅಂಗನವಾಡಿ, ಕಣ, ರಸ್ತೆ, ಬಸ್ಸು ಕಾಯುವವರು.

ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿ. ಅದು ಮುಗಿಯುವ ಹೊತ್ತಿಗೆ ರೋಬಸ್ಟಾ, ಮಾರ್ಚಿನವರೆಗೂ ಎಳೆಯುತ್ತದೆ. ಈ ನಾಲ್ಕೈದು ತಿಂಗಳು ತೋಟದಲ್ಲಿ ಜನವೋ ಜನ. ಊರಿನವರು, ಬಯಲುಸೀಮೆಯಿಂದ ಬಂದವರು, ದೂರದ ರಾಜ್ಯಗಳಿಂದ ಬಂದವರು. ಬೆಳಕು ಹರಿಯುವ ಮೊದಲೇ ಗಿಡದ ಮರೆಗೆ ಹೋಗುವವರಿದ್ದಾರೆ, ಸೌದೆಗೆ ಬಗ್ಗುವವರಿದ್ದಾರೆ, ಹಳ್ಳಕ್ಕೆ ನೀರಿಗೆ ಇಳಿಯುವವರಿದ್ದಾರೆ. ಕಪ್ಪು ಕಂಬಳಿ ಹೊದ್ದು ಬಗ್ಗಿದ ಮನುಷ್ಯ ಮಂಜಿನಲ್ಲಿ ಹೇಗೆ ಕಾಣುತ್ತಾನೆ? ಗಿಡ ಅಲ್ಲಾಡಿತು, ಸದ್ದಾಯಿತು, ಹಂದಿಯೇ ಇರಬೇಕು ಎಂದು ಹೊಡೆದು, ಹೋಗಿ ನೋಡಿದರೆ ಜೊತೆಯವನೇ ಬಿದ್ದಿದ್ದ ಎಂಬ ಸುದ್ದಿ ಮಲೆನಾಡಿನ ಪತ್ರಿಕೆಗಳಿಗೆ ಹೊಸದಲ್ಲ. ಆ ಮನೆಗಳಲ್ಲಿ ಚಳಿಗಾಲ ಬಂದರೆ ಇಂದಿಗೂ ಯಾರೂ ಗುಂಡಿನ ಮಾತೆತ್ತುವುದಿಲ್ಲ.

ಕಾನೂನು ಏನನ್ನುತ್ತದೆ?

ಬೆಳೆ ರಕ್ಷಣೆಗೆಂದು ಕೊಡುವ ಲೈಸೆನ್ಸು 1959ರ ಶಸ್ತ್ರಾಸ್ತ್ರ ಕಾಯಿದೆಯದು. ಅದು ಕೋವಿ ಇಟ್ಟುಕೊಳ್ಳಲು ಅನುಮತಿ, ಬೇಟೆಗೆ ಅಲ್ಲ. ಬೇಟೆಯ ಮಾತು ಬಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ. ಬೆಳೆಗೆ ಕಂಟಕವಾದ ಪ್ರಾಣಿಯನ್ನು ಕೊಲ್ಲಬೇಕಾದರೂ ಆ ಕಾಯಿದೆಯ 11ನೇ ಕಲಮಿನಂತೆ ಅಧಿಕಾರವುಳ್ಳ ಅರಣ್ಯಾಧಿಕಾರಿಯ ಲಿಖಿತ ಅಪ್ಪಣೆ ಬೇಕು. ಇನ್ನೊಂದು ಸಂಗತಿ ಎಷ್ಟೋ ಜನಕ್ಕೆ ಗೊತ್ತಿಲ್ಲ: ಆ ಕಾಯಿದೆಯಲ್ಲಿ ಬೇಟೆ ಎಂದರೆ ಬೇಟೆಯ ಪ್ರಯತ್ನವೂ ಸೇರಿತು. ಗುರಿ ತಪ್ಪಿತು, ಆದ್ದರಿಂದ ಕೇಸಿಲ್ಲ ಎನ್ನುವಂತಿಲ್ಲ. ಆನೆ, ಕಾಟಿಗಳಂತೂ ಮೊದಲ ಪಟ್ಟಿಯಲ್ಲಿವೆ. ಅವುಗಳ ಮೇಲೆ ಕೋವಿ ಎತ್ತುವ ಯೋಚನೆಯೇ ಬೇಡ.

ಮನುಷ್ಯನಿಗೆ ತಗುಲಿದರೆ? ನಿರ್ಲಕ್ಷ್ಯದಿಂದ ಸಾವಾದರೆ ಹಿಂದಿನ ದಂಡ ಸಂಹಿತೆಯಲ್ಲಿ ಎರಡು ವರ್ಷದವರೆಗೆ ಸಜೆ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ಅದು ಐದು ವರ್ಷದವರೆಗೆ ಏರಿದೆ. "ಮಂಜಿತ್ತು ಸ್ವಾಮಿ, ಕಾಣಲಿಲ್ಲ" ಎಂಬುದು ಕೋರ್ಟಿನಲ್ಲಿ ರಕ್ಷಣೆಯಾಗುವುದಿಲ್ಲ. ಕಾಣದೆ ಹೊಡೆದೆ ಎಂದು ತಪ್ಪೊಪ್ಪಿಕೊಂಡ ಹಾಗಾಗುತ್ತದೆ!

ಬೆಳೆಗಾರರ ಸಂಕಟವೂ ಸುಳ್ಳಲ್ಲ. ಒಂದು ರಾತ್ರಿಯಲ್ಲಿ ಒಂದು ಹಿಂಡು ಹಂದಿ ಗದ್ದೆಯೊಂದನ್ನು ಉತ್ತು ಹಾಕಬಲ್ಲದು. ಬಾಳೆ ಬುಡ, ಅಡಿಕೆ ಸಸಿ ಒಂದೂ ಉಳಿಯುವುದಿಲ್ಲ. ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಒಪ್ಪಿಸಿ ಎಂಬ ಹುಕುಂ ಬಂದರೆ ರೈತ ಡಬ್ಬ ಬಡಿಯುತ್ತ, ಪಟಾಕಿ ಹಾರಿಸುತ್ತ ರಾತ್ರಿ ಕಳೆಯಬೇಕು. ಅಪ್ಪಣೆಗೆ ಅರ್ಜಿ ಹಾಕಿದರೆ ಅದು ಕೈಗೆ ಬರುವ ಹೊತ್ತಿಗೆ ಗದ್ದೆಯಲ್ಲಿ ಕೂಳೆಯೂ ಉಳಿದಿರುವುದಿಲ್ಲ ಎಂಬ ದೂರು ಪಂಚಾಯ್ತಿ ಸಭೆಗಳಲ್ಲಿ ಹಳೆಯದು. ಆ ಸಂಕಟಕ್ಕೆ ಉತ್ತರ ಹೇಳಬೇಕಾದವರು ಸರ್ಕಾರದಲ್ಲಿದ್ದಾರೆ, ಹೇಳಲಿ. ಆದರೆ ಮಂಜಿನೊಳಗೆ ಕಣ್ಣುಮುಚ್ಚಿ ಹಾರಿಸುವ ಈಡು ಆ ಉತ್ತರವಲ್ಲ.

ಕೋವಿ ಇರುವ ಮನೆಯ ಹಿರಿಯರು ಹಿಂದೆ ಹುಡುಗರಿಗೆ ಹೇಳಿಕೊಡುತ್ತಿದ್ದದ್ದು ಎರಡೇ ಮಾತು. ಪ್ರಾಣಿ ಪೂರ್ತಿ ಕಾಣಬೇಕು. ಪ್ರಾಣಿಯ ಹಿಂದೆ ಮಣ್ಣು ಕಾಣಬೇಕು. ಬರೆಯೋ ಧರೆಯೋ ಹಿಂದೆ ಇದ್ದರೆ ತಪ್ಪಿದ ಗುಂಡು ಅಲ್ಲೇ ಹೂತುಹೋಗುತ್ತದೆ. ಹಿಂದೆ ಆಕಾಶವೋ ಮಂಜೋ ಇದ್ದರೆ ನಳಿಗೆ ಇಳಿಸಿ ಮನೆಗೆ ಬರಬೇಕು. ಹಂದಿ ನಾಳೆಯೂ ಬರುತ್ತದೆ.

ಚಳಿಗೆ ಗುಂಡು ಓಡುವುದಿಲ್ಲ ಎನ್ನುವವರು ಇದೊಂದನ್ನು ನೆನಪಿಡಲಿ. ಓಡುತ್ತದೆ. ಬೇಸಿಗೆಯಲ್ಲಿ ಓಡಿದಷ್ಟೇ ಓಡುತ್ತದೆ, ಒಂದು ಕಾಫಿ ಬೀಜದಗಲ ಕೆಳಗೆ. ನಾಳೆ ಬೆಳಿಗ್ಗೆ ಏಳೂವರೆಗೆ ಅದೇ ಬರೆಯ ಮೇಲೆ ಕುಕ್ಕೆ ಕಟ್ಟಿಕೊಂಡು ಹಣ್ಣು ಕೊಯ್ಯಲು ಹತ್ತುವ ಹೆಂಗಸರಿಗೂ ಅಷ್ಟು ಗೊತ್ತಿದೆ. ಕೋವಿ ಹಿಡಿದವರಿಗೆ ಗೊತ್ತಾಗಬೇಕು.